ದೀರ್ಘಕಾಲದ ಎದೆಯುರಿ, ಹುಳಿತೇಗು ಕಾಯಿಲೆ: ಎಂಡೋಸ್ಕೋಪಿ ಚಿಕಿತ್ಸೆಯ ಆಯ್ಕೆಗಳು

ಮುಂಡಗೋಡ ತಾಲೂಕಿನ ಅತ್ತಿವೇರಿಯಲ್ಲಿ ಗ್ರಾಮ ಪಂಚಾಯತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ



ರಸ್ತೆ, ಚರಂಡಿ, ಕುಡಿಯುವ ನೀರು, ಉದ್ಯೋಗ ಖಾತರಿ ಇವುಗಳ ನಡುವೆ ಹೊಟ್ಟೆಯ ಆಮ್ಲದ ವಿಷಯ ಪಂಚಾಯತಿಯ ಸಭೆಗೆ ಏಕೆ ಬಂತು ಎಂಬ ಪ್ರಶ್ನೆ ಸಹಜವಾದುದು. ಉತ್ತರವೂ ಸರಳವಾದುದೇ. ಊರಿನ ಒಬ್ಬ ರೈತನಿಗೆ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ “ಎಂಡೋಸ್ಕೋಪಿ ಮಾಡಿಸಬೇಕು, ಆಮೇಲೆ ಅದರ ಮೂಲಕವೇ ಹೊಲಿಗೆ ಹಾಕಿಸಿಕೊಂಡರೆ ಜೀವನಪೂರ್ತಿ ಮಾತ್ರೆ ತಪ್ಪುತ್ತದೆ” ಎಂದು ಹೇಳಿದರೆ, ಆತ ಮನೆಗೆ ಬಂದು ಮೊದಲು ವಿಚಾರಿಸುವುದು ವಾರ್ಡಿನ ಸದಸ್ಯರನ್ನು. ಎಮ್ಮೆ ಮಾರಬೇಕೇ, ಸಂಘದಲ್ಲಿ ಸಾಲ ಎತ್ತಬೇಕೇ, ಕಾರ್ಡಿನಲ್ಲಿ ಆಗುತ್ತದೆಯೇ ಎಂಬ ತೀರ್ಮಾನ ಆಗುವುದು ಊರಿನ ಕಟ್ಟೆಯ ಮೇಲೆ. ಆ ಹೊತ್ತಿಗೆ ಉತ್ತರ ಹೇಳಬೇಕಾದವರಿಗೆ ವಿಷಯದ ಸ್ಥೂಲ ಪರಿಚಯವಾದರೂ ಇರಬೇಕು. ವೈದ್ಯರು ಮಾಡಬೇಕಾದ ಕೆಲಸವನ್ನು ಸದಸ್ಯರು ಮಾಡಬೇಕೆಂದು ಯಾರೂ ಹೇಳುವುದಿಲ್ಲ. ವೈದ್ಯರ ಮುಂದೆ ಯಾವ ಪ್ರಶ್ನೆ ಕೇಳಬೇಕೆಂಬುದನ್ನು ಮಾತ್ರ ತಿಳಿದಿದ್ದರೆ ಸಾಕು.

ಮೊದಲು ಕಾಯಿಲೆಯ ಸ್ವರೂಪ. ಬಾಯಿಯಿಂದ ಜಠರಕ್ಕೆ ಹೋಗುವ ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದದ ಸ್ನಾಯುವಿನ ಕೊಳವೆ. ಅದು ಜಠರವನ್ನು ಸೇರುವಲ್ಲಿ ಒಂದು ಬಿಗಿಯಾದ ಸ್ನಾಯುವಿನ ಉಂಗುರವಿದೆ. ನುಂಗಿದಾಗ ತೆರೆದು, ಆಹಾರ ಇಳಿದ ಕೂಡಲೇ ಮುಚ್ಚಿಕೊಳ್ಳುವುದು ಅದರ ಕೆಲಸ. ಎದೆ ಮತ್ತು ಹೊಟ್ಟೆಯ ನಡುವಿನ ವಪೆ ಎಂಬ ಸ್ನಾಯುವಿನ ಪರದೆ ಹೊರಗಿನಿಂದ ಅದನ್ನು ಹಿಡಿದಿರುತ್ತದೆ. ಕೆರೆಯ ತೂಬನ್ನು ಕಂಡವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಬಾಗಿಲು ಸಡಿಲವಾದರೆ, ಅಥವಾ ಬಾಗಿಲು ಕೂರುವ ಕಟ್ಟೆಯೇ ಸರಿದರೆ, ನೀರು ನಿಲ್ಲುವುದಿಲ್ಲ. ಇಲ್ಲಿ ಸೋರುವುದು ಮಾತ್ರ ಆಹಾರವನ್ನು ಜೀರ್ಣಿಸುವಷ್ಟು ತೀಕ್ಷ್ಣವಾದ ಆಮ್ಲ. ಜಠರದ ಒಳಗೋಡೆಗೆ ಅದನ್ನು ತಡೆದುಕೊಳ್ಳುವ ಲೋಳೆಯ ಹೊದಿಕೆ ಇದೆ. ಅನ್ನನಾಳಕ್ಕೆ ಅಂಥ ರಕ್ಷಣೆ ಇಲ್ಲ. ಜಠರದ ಮೇಲ್ಭಾಗವು ವಪೆಯ ರಂಧ್ರದ ಮೂಲಕ ಎದೆಯೊಳಕ್ಕೆ ಜಾರಿದ್ದರೆ ಅದನ್ನು ಹಯಾಟಲ್ ಹರ್ನಿಯಾ ಎನ್ನುತ್ತಾರೆ. ಚಿಕಿತ್ಸೆಯ ಆಯ್ಕೆ ಬಹುಮಟ್ಟಿಗೆ ಈ ಹರ್ನಿಯಾದ ಗಾತ್ರವನ್ನೇ ಅವಲಂಬಿಸಿದೆ.

ಕಾಯಿಲೆ ಅಪರೂಪದ್ದಲ್ಲ. ಭಾರತೀಯ ಗ್ಯಾಸ್ಟ್ರೋಎಂಟರಾಲಜಿ ಸಂಘದ ಕಾರ್ಯಪಡೆಯು ದೇಶದ ಹಲವು ಕೇಂದ್ರಗಳಲ್ಲಿ ನಡೆಸಿ 2011ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ನೂರಕ್ಕೆ ಏಳೆಂಟು ಜನರಲ್ಲಿ ಇದರ ಲಕ್ಷಣಗಳು ಕಂಡುಬಂದಿದ್ದವು. ಅಂದರೆ ಸಾವಿರ ಜನಸಂಖ್ಯೆಯ ಊರಿನಲ್ಲಿ ಎಪ್ಪತ್ತು ಎಂಬತ್ತು ಮಂದಿ.

ಆದರೆ ಊರಿನ ಮಾತಿನಲ್ಲಿ ಇದಕ್ಕೆ ಪ್ರತ್ಯೇಕ ಹೆಸರಿಲ್ಲ. ಎದೆಯುರಿಗೂ “ಗ್ಯಾಸ್”, ಹೊಟ್ಟೆಯುಬ್ಬರಕ್ಕೂ “ಗ್ಯಾಸ್”, ಬೆನ್ನುನೋವಿಗೂ “ಗ್ಯಾಸ್”. ಕೊನೆಗೆ ಹೃದಯಾಘಾತಕ್ಕೂ “ಗ್ಯಾಸ್”. ಈ ಉಪನ್ಯಾಸದಲ್ಲಿ ಬೇರೆ ಯಾವ ಮಾತು ಮರೆತರೂ ಇದೊಂದು ಮರೆಯಬಾರದು. ನಡೆಯುವಾಗ, ಭಾರ ಎತ್ತುವಾಗ ಅಥವಾ ದಿಢೀರನೆ ಎದೆಯ ನಡುವೆ ಹಿಂಡಿದಂತಾಗಿ, ಬೆವರು ಬಂದು, ನೋವು ಎಡಗೈಗೋ ದವಡೆಗೋ ಹರಡಿದರೆ ಅದನ್ನು ಎದೆಯುರಿ ಎಂದು ತಿಳಿದು ಸೋಡಾ ಕುಡಿಸಿ ಮಲಗಿಸುವುದು ಜೀವಕ್ಕೆ ಅಪಾಯ. ಮಧುಮೇಹ ಇರುವವರಲ್ಲಿ ಹೃದಯಾಘಾತವು ನೋವಿಲ್ಲದೆ, ಬರೀ ಹೊಟ್ಟೆತೊಳಸುವಿಕೆಯಾಗಿಯೂ ಬರಬಹುದು. ಅಂಥ ಹೊತ್ತಿನಲ್ಲಿ 108ಕ್ಕೆ ಕರೆ ಮಾಡಿ, ಇಸಿಜಿ ಇರುವ ಆಸ್ಪತ್ರೆಗೆ ತಲುಪಿಸಬೇಕು. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ರಾಜ್ಯದ ಹಲವು ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಅಗತ್ಯವಿದ್ದರೆ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ನೀಡುವ ವ್ಯವಸ್ಥೆ ಇದೆ. ಹೃದಯವಲ್ಲ ಎಂದು ಖಚಿತವಾದ ಮೇಲೆ ಹೊಟ್ಟೆಯ ವಿಚಾರ.

ಇನ್ನು ಮಾತ್ರೆಗಳು. 1988ರಲ್ಲಿ ಸ್ವೀಡನ್ನಿನಲ್ಲಿ ಮಾರುಕಟ್ಟೆಗೆ ಬಂದ ಒಮೆಪ್ರಜೋಲ್ ಈ ಕಾಯಿಲೆಯ ಚಿಕಿತ್ಸೆಯನ್ನೇ ಬದಲಿಸಿತು. ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್ ಅದೇ ಕುಲದವು. ಜಠರದ ಜೀವಕೋಶಗಳಲ್ಲಿ ಆಮ್ಲವನ್ನು ಹೊರದೂಡುವ ಪಂಪಿನಂಥ ವ್ಯವಸ್ಥೆಯನ್ನು ಇವು ನಿಲ್ಲಿಸುತ್ತವೆ. ಆಹಾರ ಬಿದ್ದಾಗ ಮಾತ್ರ ಆ ಪಂಪುಗಳು ಚಾಲೂ ಆಗುವುದರಿಂದ, ಮಾತ್ರೆಯನ್ನು ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ನುಂಗಬೇಕು. ರಾತ್ರಿ ಊಟವಾದ ಮೇಲೆ ನುಂಗಿ “ಈ ಗುಳಿಗೆ ಹಿಡಿಯುವುದಿಲ್ಲ” ಎನ್ನುವವರು ಬಹಳ. ದೊಡ್ಡ ಆಸ್ಪತ್ರೆಗೆ ಹೋಗುವ ಮುನ್ನ ಈ ಸಮಯದ ತಪ್ಪನ್ನು ಸರಿಪಡಿಸಿ ಎಂಟು ವಾರ ನೋಡಿದರೆ ಎಷ್ಟೋ ಜನರ ಕಾಯಿಲೆ ಹತೋಟಿಗೆ ಬರುತ್ತದೆ. ಹಿಂದೆ ಮನೆಮನೆಯಲ್ಲಿ ಇರುತ್ತಿದ್ದ ರಾನಿಟಿಡಿನ್, ಕಲ್ಮಶದ ಶಂಕೆಯ ಕಾರಣ 2020ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹಿಂತೆಗೆಯಲ್ಪಟ್ಟಿತು. ಭಾರತದ ಅಗತ್ಯ ಔಷಧಗಳ ಪಟ್ಟಿಯಿಂದಲೂ 2022ರಲ್ಲಿ ಕೈಬಿಡಲಾಯಿತು. ಹಳೆಯ ಚೀಟಿ ತೋರಿಸಿ ಅದನ್ನೇ ಕೇಳುವುದು ಬೇಡ. ಡಾಮ್‌ಪೆರಿಡೋನ್ ಸೇರಿದ ಕ್ಯಾಪ್ಸೂಲನ್ನು ವರ್ಷಗಟ್ಟಲೆ ತಾನಾಗಿಯೇ ಕೊಂಡು ನುಂಗುವುದೂ ಸರಿಯಲ್ಲ. ಹೃದಯದ ಬಡಿತದ ಲಯಕ್ಕೆ ಅದರಿಂದ ತೊಂದರೆಯಾಗಬಲ್ಲದು.

ಮಾತ್ರೆ ಹೆಚ್ಚು ದಿನ ನುಂಗಿದರೆ ಮೂಳೆ ಕರಗುತ್ತದೆ, ಕಿಡ್ನಿ ಹೋಗುತ್ತದೆ ಎಂಬ ಭಯ ಮೊಬೈಲಿನ ವಿಡಿಯೋಗಳಿಂದ ಹಬ್ಬಿದೆ. ಕೆಲವು ಶಸ್ತ್ರಕ್ರಿಯೆಗಳನ್ನು ಮಾರುವವರು ಆ ಭಯವನ್ನೇ ಬಳಸಿಕೊಳ್ಳುತ್ತಾರೆ. 17,000ಕ್ಕೂ ಹೆಚ್ಚು ಜನರನ್ನು ಸುಮಾರು ಮೂರು ವರ್ಷ ಗಮನಿಸಿ 2019ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಪ್ರಯೋಗದಲ್ಲಿ ಪ್ಯಾಂಟೊಪ್ರಜೋಲ್ ಪಡೆದವರಲ್ಲಿ ಕರುಳಿನ ಸೋಂಕು ಸ್ವಲ್ಪ ಹೆಚ್ಚಿತ್ತೇ ಹೊರತು, ಮೂಳೆ ಮುರಿತವಾಗಲಿ ಮೂತ್ರಪಿಂಡದ ಕಾಯಿಲೆಯಾಗಲಿ ಹೆಚ್ಚಿರಲಿಲ್ಲ. ಅಗತ್ಯವಿಲ್ಲದವರು ನುಂಗಬಾರದು, ಅಗತ್ಯವಿರುವವರು ಹೆದರಿ ಬಿಡಬಾರದು. ದೀರ್ಘಕಾಲ ನುಂಗಿದವರು ಒಮ್ಮೆಲೇ ನಿಲ್ಲಿಸಿದರೆ ಕೆಲವು ದಿನ ಆಮ್ಲ ಮೊದಲಿಗಿಂತ ಹೆಚ್ಚು ಉಕ್ಕುತ್ತದೆ. ಅದನ್ನು ಕಾಯಿಲೆ ಉಲ್ಬಣಿಸಿತು ಎಂದು ತಿಳಿಯಬಾರದು.

ಎಂಡೋಸ್ಕೋಪಿ ಎಂದರೆ ಬಾಯಿಯ ಮೂಲಕ ಇಳಿಸುವ, ತುದಿಯಲ್ಲಿ ಕ್ಯಾಮೆರಾ ಮತ್ತು ಬೆಳಕು ಇರುವ ಬಾಗುವ ಕೊಳವೆ. 1868ರಲ್ಲಿ ಜರ್ಮನಿಯ ವೈದ್ಯ ಕುಸ್ಮೌಲ್ ನೇರವಾದ ಲೋಹದ ಕೊಳವೆಯನ್ನು ಮೊದಲು ಇಳಿಸಿದ್ದು, ಜಾತ್ರೆಯಲ್ಲಿ ಕತ್ತಿ ನುಂಗುವವನೊಬ್ಬನ ಗಂಟಲಿಗೆ. ಬಾಗುವ ಕೊಳವೆ ಬಂದದ್ದು 1957ರಲ್ಲಿ, ಹಿರ್ಶೋವಿಟ್ಜ್ ಗಾಜಿನ ಎಳೆಗಳ ಮೂಲಕ ಬೆಳಕನ್ನು ಬಾಗಿಸಿ ಒಯ್ದಾಗ. ಇಂದು ಗ್ರಾಮ ಪಂಚಾಯತಿ ಕಚೇರಿಗೆ ಅಂತರ್ಜಾಲ ತರುತ್ತಿರುವ ಆಪ್ಟಿಕಲ್ ಫೈಬರ್ ಕೇಬಲ್ಲಿನ ಹಿಂದಿರುವುದೂ ಅದೇ ತತ್ತ್ವ. ಆರರಿಂದ ಎಂಟು ಗಂಟೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕು, ಗಂಟಲಿಗೆ ಮರಗಟ್ಟಿಸುವ ಔಷಧ ಸಿಂಪಡಿಸುತ್ತಾರೆ, ಹೆಚ್ಚಿನವರಿಗೆ ಹತ್ತು ನಿಮಿಷದೊಳಗೆ ಮುಗಿಯುತ್ತದೆ. ನಿದ್ದೆಯ ಚುಚ್ಚುಮದ್ದು ಕೊಟ್ಟಿದ್ದರೆ ಆ ದಿನ ಬೈಕ್ ಓಡಿಸಬಾರದು, ಜೊತೆಗೊಬ್ಬರು ಇರಲೇಬೇಕು.

ಎದೆಯುರಿ ಇದ್ದವರೆಲ್ಲ ಈ ಪರೀಕ್ಷೆಗೆ ಓಡಬೇಕಾಗಿಲ್ಲ. ಆದರೆ ನುಂಗುವಾಗ ರೊಟ್ಟಿಯ ತುತ್ತು ಎದೆಯಲ್ಲಿ ಸಿಕ್ಕಿಕೊಂಡಂತಾದರೆ, ತೂಕ ಇಳಿದರೆ, ರಕ್ತವಾಂತಿ ಅಥವಾ ಡಾಂಬರಿನಂಥ ಕಪ್ಪು ಮಲವಾದರೆ, ಕಾರಣವಿಲ್ಲದೆ ರಕ್ತ ಕಡಿಮೆಯಾದರೆ, ಒಂದು ವಾರವೂ ತಡಮಾಡದೆ ಮಾಡಿಸಬೇಕು. ಎಲೆ ಅಡಿಕೆಯೊಡನೆ ತಂಬಾಕು, ಗುಟ್ಕಾ, ಬೀಡಿ, ಸಾರಾಯಿಯ ಅಭ್ಯಾಸವಿರುವವರಿಗೆ ಅನ್ನನಾಳದ ಕ್ಯಾನ್ಸರಿನ ಅಪಾಯ ಹೆಚ್ಚು. ಮೊದಲು ರೊಟ್ಟಿ, ಆಮೇಲೆ ಅನ್ನ, ಕೊನೆಗೆ ಗಂಜಿ ಎಂಬಂತೆ ನುಂಗುವುದು ಕಷ್ಟವಾಗುತ್ತಾ ಹೋಗುವ ಕತೆಯನ್ನು ಕೇಳಿದ ಸದಸ್ಯರು, ಆ ವ್ಯಕ್ತಿಯನ್ನು ಅಂದೇ ಆಸ್ಪತ್ರೆಗೆ ಕಳುಹಿಸಬೇಕು. ಗಂಜಿಗೆ ಬಂದು ನಿಂತ ಮೇಲೆ ಹುಬ್ಬಳ್ಳಿಗೆ ಹೋಗುವವರೇ ಹೆಚ್ಚು ಎಂಬುದೇ ಇಲ್ಲಿನ ದುಃಖ.

ಪರೀಕ್ಷೆಯಲ್ಲಿ ಕಂಡ ಹುಣ್ಣನ್ನು ವೈದ್ಯರು ಎ, ಬಿ, ಸಿ, ಡಿ ಎಂಬ ನಾಲ್ಕು ದರ್ಜೆಗಳಲ್ಲಿ ಬರೆಯುತ್ತಾರೆ. ಲಾಸ್ ಏಂಜಲೀಸ್ ವರ್ಗೀಕರಣ ಎಂದು ಇದಕ್ಕೆ ಹೆಸರು. ‘ಎ’ ಅತಿ ಕಡಿಮೆ, ‘ಡಿ’ ಅತಿ ತೀವ್ರ. ಎಂಡೋಸ್ಕೋಪಿಯಲ್ಲಿ ಏನೂ ಕಾಣದಿದ್ದರೆ ಎದೆಯುರಿಗೆ ಆಮ್ಲವೇ ಕಾರಣವೆಂದು ಹೇಳಲು ಇನ್ನೊಂದು ಪುರಾವೆ ಬೇಕು. ಮೂಗಿನ ಮೂಲಕ ಸಣ್ಣ ತಂತಿಯನ್ನಿಟ್ಟು 24 ಗಂಟೆ ಆಮ್ಲದ ಪ್ರಮಾಣ ಅಳೆಯುವ ಪಿಎಚ್ ಪರೀಕ್ಷೆಯೇ ಆ ಪುರಾವೆ. ದಿನದ ಶೇ. 6ಕ್ಕಿಂತ ಹೆಚ್ಚು ಹೊತ್ತು, ಅಂದರೆ ಸುಮಾರು ಒಂದೂವರೆ ಗಂಟೆಗಿಂತ ಹೆಚ್ಚು, ಅನ್ನನಾಳ ಆಮ್ಲದಲ್ಲಿ ನೆನೆದಿದ್ದರೆ ಕಾಯಿಲೆ ಖಚಿತ. ಶೇ. 4ಕ್ಕಿಂತ ಕಡಿಮೆಯಿದ್ದರೆ ಅದು ಸಹಜ. ಆ ವ್ಯಕ್ತಿಯ ಉರಿಗೆ ಬೇರೆ ಕಾರಣ ಹುಡುಕಬೇಕು. ಈ ಅಳತೆಯಿಲ್ಲದೆ ಹೊಲಿಗೆ ಹಾಕುವುದು, ಸೋರುವ ಪೈಪು ಯಾವುದೆಂದು ನೋಡದೆ ರಸ್ತೆ ಅಗೆದಂತೆ.

ಈಗ ಚಿಕಿತ್ಸೆಯ ಆಯ್ಕೆಗಳಿಗೆ ಬರಬಹುದು. ಬಹುಕಾಲ ಇದ್ದ ಒಂದೇ ದಾರಿ ಶಸ್ತ್ರಕ್ರಿಯೆ. ರುಡಾಲ್ಫ್ ನಿಸ್ಸೆನ್ ಎಂಬ ಶಸ್ತ್ರವೈದ್ಯರು 1956ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಜಠರದ ಮೇಲ್ಭಾಗವನ್ನು ಅನ್ನನಾಳದ ಕೆಳತುದಿಗೆ ಮಫ್ಲರಿನಂತೆ ಸುತ್ತಿ ಹೊಲಿಯುತ್ತಾರೆ. ಆಲ್ಬರ್ಟ್ ಐನ್‌ಸ್ಟೈನರ ಹೊಟ್ಟೆಯ ರಕ್ತನಾಳಕ್ಕೆ 1948ರಲ್ಲಿ ಶಸ್ತ್ರಕ್ರಿಯೆ ಮಾಡಿದವರೂ ಇವರೇ. 1991ರಿಂದ ಈಚೆಗೆ ಅದನ್ನು ಸಣ್ಣ ರಂಧ್ರಗಳ ಮೂಲಕ ಲ್ಯಾಪ್ರೋಸ್ಕೋಪಿಯಲ್ಲಿ ಮಾಡುತ್ತಾರೆ. ಫಲಿತಾಂಶ ಉತ್ತಮ, ಆದರೆ ಕೆಲವರಿಗೆ ಆಮೇಲೆ ನುಂಗಲು ಬಿಗಿ, ತೇಗು ಬಾರದಿರುವುದು, ಹೊಟ್ಟೆಯುಬ್ಬರ ಉಳಿಯುತ್ತವೆ. ಮಾತ್ರೆಗೂ ಶಸ್ತ್ರಕ್ರಿಯೆಗೂ ನಡುವೆ, ಹೊಟ್ಟೆ ಕೊಯ್ಯದೆ ಬಾಯಿಯ ಮೂಲಕವೇ ಬಾಗಿಲನ್ನು ಬಿಗಿಗೊಳಿಸುವ ಯತ್ನವೇ ಎಂಡೋಸ್ಕೋಪಿ ಚಿಕಿತ್ಸೆ.

ಈ ಯತ್ನದ ಇತಿಹಾಸ ಪೂರ್ತಿ ಸುಖಕರವಾದುದಲ್ಲ, ಅದನ್ನು ಮುಚ್ಚಿಡುವುದೂ ಸರಿಯಲ್ಲ. ಸ್ನಾಯುವಿನ ಗೋಡೆಗೆ ಪ್ಲಾಸ್ಟಿಕ್ಕಿನಂಥ ದ್ರಾವಣವನ್ನು ಚುಚ್ಚಿ ಉಬ್ಬಿಸುವ ಎಂಟೆರಿಕ್ಸ್ ಎಂಬ ವಿಧಾನಕ್ಕೆ ಅಮೆರಿಕದಲ್ಲಿ 2003ರಲ್ಲಿ ಅನುಮತಿ ದೊರೆಯಿತು. ಸಾವುಗಳೂ ಸೇರಿದಂತೆ ಗಂಭೀರ ಅನಾಹುತಗಳು ವರದಿಯಾಗಿ 2005ರಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. “ಹೊಸದು” ಎಂಬ ಒಂದೇ ಮಾತಿಗೆ ಮರುಳಾಗಬಾರದು ಎನ್ನುವುದಕ್ಕೆ ಈ ಉದಾಹರಣೆ ಸಾಕು.

ಈಗ ಉಳಿದಿರುವ ವಿಧಾನಗಳಲ್ಲಿ ಒಂದು ಸ್ಟ್ರೆಟ್ಟಾ. ಬಲೂನಿಗೆ ಅಳವಡಿಸಿದ ಸೂಜಿಗಳ ಮೂಲಕ ರೇಡಿಯೋ ತರಂಗಗಳ ಶಾಖವನ್ನು ಸ್ನಾಯುವಿಗೆ ಕೊಡುತ್ತಾರೆ. 2000ದಿಂದಲೇ ಬಳಕೆಯಲ್ಲಿದೆ. ಆದರೆ ಪ್ರಯೋಗಗಳ ಫಲಿತಾಂಶ ಒಂದರಂತೆ ಒಂದಿಲ್ಲದ ಕಾರಣ, ಅಮೆರಿಕದ ಗ್ಯಾಸ್ಟ್ರೋಎಂಟರಾಲಜಿ ಕಾಲೇಜು 2022ರ ತನ್ನ ಮಾರ್ಗಸೂಚಿಯಲ್ಲಿ ಮಾತ್ರೆ ಅಥವಾ ಶಸ್ತ್ರಕ್ರಿಯೆಗೆ ಬದಲಿಯಾಗಿ ಇದನ್ನು ಶಿಫಾರಸು ಮಾಡಿಲ್ಲ.

ಎರಡನೆಯದು ಟಿಐಎಫ್. ಎಂಡೋಸ್ಕೋಪಿನ ಮೇಲೆ ಕೂರಿಸಿದ ಉಪಕರಣದಿಂದ ಜಠರದ ಮೇಲ್ಭಾಗವನ್ನು ಒಳಗಿನಿಂದಲೇ ಮಡಚಿ, ಪ್ಲಾಸ್ಟಿಕ್ ಕೊಕ್ಕೆಗಳಿಂದ ಬಿಗಿದು, ಹೊಸದೊಂದು ಕವಾಟ ನಿರ್ಮಿಸುತ್ತಾರೆ. ಪೂರ್ಣ ಅರಿವಳಿಕೆ ಬೇಕು. ಅಮೆರಿಕದ ಅನುಮತಿ 2007ರದು. ಊಟ ಬಾಯಿಗೆ ಮರಳಿ ಬರುವ ತೊಂದರೆ ಇರುವವರಿಗೆ ಇದು ಮಾತ್ರೆಗಿಂತ ಹೆಚ್ಚು ಪ್ರಯೋಜನ ನೀಡಿದೆ. ಆದರೂ ಒಂದು ಪ್ರಯೋಗದಲ್ಲಿ ಐದು ವರ್ಷದ ಹೊತ್ತಿಗೆ ಸುಮಾರು ಮೂರರಲ್ಲಿ ಒಬ್ಬರು ಮತ್ತೆ ನಿತ್ಯದ ಮಾತ್ರೆಗೆ ಮರಳಿದ್ದರು. “ಜೀವನಪೂರ್ತಿ ಮಾತ್ರೆ ಬೇಡ” ಎಂಬ ಆಶ್ವಾಸನೆಯನ್ನು ಈ ಅಂಕಿಯ ಪಕ್ಕದಲ್ಲಿಟ್ಟು ನೋಡಬೇಕು.

ಕರ್ನಾಟಕದ ಜನರಿಗೆ ಹತ್ತಿರದ ಪುರಾವೆ ಬಂದಿರುವುದು ಹೈದರಾಬಾದಿನಿಂದ. ಡಾ. ಡಿ. ನಾಗೇಶ್ವರ ರೆಡ್ಡಿಯವರ ನೇತೃತ್ವದ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಗ್ಯಾಸ್ಟ್ರೋಎಂಟರಾಲಜಿಯಲ್ಲಿ ಜರ್ಡ್-ಎಕ್ಸ್ ಎಂಬ ಹೊಲಿಗೆ ಉಪಕರಣವನ್ನು 70 ರೋಗಿಗಳಲ್ಲಿ ಪರೀಕ್ಷಿಸಿದರು. 35 ಜನರಿಗೆ ನಿಜವಾಗಿ ಹೊಲಿಗೆ ಹಾಕಿದರು. ಉಳಿದ 35 ಜನರಿಗೆ ಹೊಲಿಗೆಯಿಲ್ಲದ ತೋರಿಕೆಯ ಚಿಕಿತ್ಸೆ ಮಾತ್ರ. ಯಾರಿಗೆ ಯಾವುದು ಎಂಬುದು ರೋಗಿಗೆ ತಿಳಿದಿರಲಿಲ್ಲ. ಹೀಗೆ ಮಾಡಿದ್ದಕ್ಕೆ ಕಾರಣವಿದೆ: ಚಿಕಿತ್ಸೆಯಾಯಿತೆಂಬ ನಂಬಿಕೆಯಿಂದಲೇ ಎದೆಯುರಿ ಕಡಿಮೆಯಾದಂತೆ ಅನ್ನಿಸುವುದುಂಟು. 2022ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಒಂದು ವರ್ಷದ ನಂತರ ಹೊಲಿಗೆ ಹಾಕಿಸಿಕೊಂಡವರಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಜನ ಮಾತ್ರೆಯಿಲ್ಲದೆ ಇದ್ದರು. ಇನ್ನೊಂದು ಗುಂಪಿನಲ್ಲಿ ಹನ್ನೊಂದರಷ್ಟು ಮಾತ್ರ. ಇದು ಗಟ್ಟಿಯಾದ ಪುರಾವೆ. ಆದರೆ ಸಂಖ್ಯೆ ಚಿಕ್ಕದು, ಅವಧಿ ಒಂದು ವರ್ಷದ್ದು, ಮಾಡಿದವರು ನುರಿತ ಕೈಗಳು.

ಜಪಾನಿನ ಹರುಹಿರೊ ಇನೌಯೆ 2014ರಲ್ಲಿ ವರದಿ ಮಾಡಿದ ಆರ್ಮ್ಸ್ ವಿಧಾನಕ್ಕೆ ದುಬಾರಿ ಉಪಕರಣ ಬೇಡ. ಅನ್ನನಾಳ ಜಠರ ಕೂಡುವಲ್ಲಿನ ಒಳಪೊರೆಯನ್ನು ಅರ್ಧಚಂದ್ರಾಕಾರದಲ್ಲಿ ಕೊಯ್ದು ತೆಗೆದರೆ, ಗಾಯ ಮಾಯುವಾಗ ಕುಗ್ಗಿ ಬಾಗಿಲು ಬಿಗಿಯಾಗುತ್ತದೆ. ಕೊಯ್ಯದೆ ಸುಡುವ ಆರ್ಮಾ ಅದರ ಮುಂದಿನ ರೂಪ. ಕೆಲವರಲ್ಲಿ ಬಿಗಿ ಅತಿಯಾಗಿ, ನುಂಗಲಾಗದೆ, ಬಲೂನಿನಿಂದ ಮತ್ತೆ ಹಿಗ್ಗಿಸಬೇಕಾಗುತ್ತದೆ.

ಯಾರಿಗೆ ಇವು ಹೊಂದುತ್ತವೆ? ಮಾತ್ರೆಯಿಂದ ಗುಣ ಕಂಡು, ಬಿಟ್ಟ ಕೂಡಲೇ ಮರುಕಳಿಸುವವರು. ಪಿಎಚ್ ಪರೀಕ್ಷೆ ಅಥವಾ ಎಂಡೋಸ್ಕೋಪಿಯಿಂದ ಕಾಯಿಲೆ ಖಚಿತವಾದವರು. ಹರ್ನಿಯಾ 2 ಸೆಂಟಿಮೀಟರಿಗಿಂತ ಚಿಕ್ಕದಿರುವವರು. ದೊಡ್ಡ ಹರ್ನಿಯಾ ಇದ್ದರೆ, ಸಿ ಅಥವಾ ಡಿ ದರ್ಜೆಯ ಹುಣ್ಣಿದ್ದರೆ ಶಸ್ತ್ರಕ್ರಿಯೆ ಅಥವಾ ಮಾತ್ರೆಯೇ ಸರಿ. ವಿಚಿತ್ರವೆಂದರೆ, ಮಾತ್ರೆಗೆ ಸ್ವಲ್ಪವೂ ಬಗ್ಗದ ಎದೆಯುರಿಯವರೇ ಹೆಚ್ಚಾಗಿ ಹೊಲಿಗೆ ಕೇಳುತ್ತಾರೆ. ಅಂಥವರಲ್ಲಿ ಅನೇಕರಿಗೆ ಆಮ್ಲದ ಕಾಯಿಲೆಯೇ ಇರುವುದಿಲ್ಲ, ಆದ್ದರಿಂದ ಹೊಲಿಗೆಯಿಂದ ಉಪಯೋಗವೂ ಆಗುವುದಿಲ್ಲ.

ಇವಲ್ಲದೆ, ಯಾರೂ ಸಂಶಯಪಡದ ಎಂಡೋಸ್ಕೋಪಿ ಚಿಕಿತ್ಸೆಗಳೂ ಇವೆ. ಹುಣ್ಣು ಮಾಯ್ದು ಅನ್ನನಾಳ ಕಿರಿದಾಗಿದ್ದರೆ ಬಲೂನಿನಿಂದ ಹಿಗ್ಗಿಸುವುದು ಒಂದು. ವರ್ಷಾನುಗಟ್ಟಲೆ ಆಮ್ಲ ತಾಗಿ ಒಳಪೊರೆಯ ಸ್ವರೂಪವೇ ಬದಲಾಗುವ ಬ್ಯಾರೆಟ್ ಸ್ಥಿತಿಯಲ್ಲಿ, ಕ್ಯಾನ್ಸರಿಗೆ ತಿರುಗುವ ಕೋಶಗಳು ಕಂಡುಬಂದರೆ ಆ ಭಾಗವನ್ನು ಕೊಯ್ದು ತೆಗೆಯುವುದು ಅಥವಾ ಸುಡುವುದು ಇನ್ನೊಂದು. ಇವು ಅನುಕೂಲಕ್ಕಾಗಿ ಮಾಡುವಂಥವಲ್ಲ, ಅಗತ್ಯಕ್ಕಾಗಿ ಮಾಡುವಂಥವು, ಮುಂದೂಡಬಾರದು.

ಹಣದ ವಿಷಯ. ಅತ್ತಿವೇರಿ ಭಾಗದವರಿಗೆ ಜಿಲ್ಲಾ ಕೇಂದ್ರವಾದ ಕಾರವಾರಕ್ಕಿಂತ ಹುಬ್ಬಳ್ಳಿ ಹತ್ತಿರ. ಎಲ್ಲರೂ ಕಿಮ್ಸ್ ಎಂದೇ ಕರೆಯುವ ಅಲ್ಲಿನ ಸರ್ಕಾರಿ ವೈದ್ಯಕೀಯ ಆಸ್ಪತ್ರೆಯೇ ಮೊದಲ ಮೆಟ್ಟಿಲಾಗಬೇಕು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಜಠರ, ಕರುಳು, ಯಕೃತ್ತಿನ ಕಾಯಿಲೆಗಳಿಗೆಂದೇ ಸರ್ಕಾರಿ ಸಂಸ್ಥೆಯಿದೆ. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಂತೆ 1.5 ಲಕ್ಷ ರೂಪಾಯಿವರೆಗೆ ನೆರವಿದೆ. ತುರ್ತು ಸಂದರ್ಭ ಬಿಟ್ಟು ಉಳಿದಂತೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಚೀಟಿಯಿಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಸೇರಿ, ಆಮೇಲೆ ಸದಸ್ಯರಿಗೆ ಫೋನು ಮಾಡಿದರೆ ಸಹಾಯ ಮಾಡುವುದು ಕಷ್ಟ. ಮೇಲೆ ಹೇಳಿದ ಹೊಸ ವಿಧಾನಗಳು ಪ್ಯಾಕೇಜ್ ಪಟ್ಟಿಯಲ್ಲಿವೆಯೇ ಎಂಬುದನ್ನು ಆಸ್ಪತ್ರೆಯ ಆರೋಗ್ಯ ಮಿತ್ರರಿಂದ, ದಾಖಲಾಗುವ ಮೊದಲೇ, ಪ್ಯಾಕೇಜಿನ ಹೆಸರಿನ ಸಮೇತ ಕೇಳಿ ಬರೆಸಿಕೊಳ್ಳುವುದು ಒಳಿತು. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ಖಾಸಗಿ ಆಸ್ಪತ್ರೆಗಳು ದರಪಟ್ಟಿಯನ್ನು ಪ್ರದರ್ಶಿಸಬೇಕು. ಅದನ್ನು ಕೇಳುವುದರಲ್ಲಿ ಸಂಕೋಚ ಬೇಡ.

ಊರಿನಲ್ಲಿಯೇ ಆಗಬಹುದಾದ ಕೆಲಸವೂ ಇದೆ. ತ್ರೀಫೇಸ್ ಕರೆಂಟು ರಾತ್ರಿ ಬರುವ ದಿನಗಳಲ್ಲಿ ರೈತರು ಗದ್ದೆಗೋ ತೋಟಕ್ಕೋ ನೀರು ಬಿಟ್ಟು ಮನೆಗೆ ಬಂದು, ಹೊತ್ತುಮೀರಿ ಉಂಡು, ಉಂಡ ಕೂಡಲೇ ಮಲಗುತ್ತಾರೆ. ಆಮ್ಲ ಮೇಲೇರಲು ಇದಕ್ಕಿಂತ ಸುಲಭವಾದ ದಾರಿ ಇಲ್ಲ. ಊಟ ಮಾಡಿ ಹೊರಡುವುದು, ಮರಳಿದ ಮೇಲೆ ಬರೀ ನೀರು ಕುಡಿದು ಎಡಮಗ್ಗುಲಿಗೆ ಮಲಗುವುದು, ಮಂಚದ ತಲೆಯ ಕಡೆಯ ಕಾಲುಗಳಿಗೆ ಗೇಣುದ್ದದಷ್ಟು ಎತ್ತರಕ್ಕೆ ಇಟ್ಟಿಗೆ ಕೊಡುವುದು ಖರ್ಚಿಲ್ಲದ ಉಪಾಯಗಳು. ಎರಡು ದಿಂಬು ಇಟ್ಟರೆ ಕತ್ತು ಬಾಗುತ್ತದೆಯೇ ಹೊರತು ಎದೆ ಎತ್ತರವಾಗುವುದಿಲ್ಲ. ತಂಬಾಕು ಆ ಸ್ನಾಯುವಿನ ಉಂಗುರವನ್ನೇ ಸಡಿಲಿಸುತ್ತದೆ. ಮೈಕೈ ನೋವಿಗೆ ಅಂಗಡಿಯಲ್ಲಿ ಕೊಳ್ಳುವ ನೋವಿನ ಗುಳಿಗೆ, ಸಂತೆಯ ದಿನದ ಚುಚ್ಚುಮದ್ದು ಜಠರದ ಹುಣ್ಣಿಗೆ ಮೂಲ. ಯಾವ ಗುಳಿಗೆಯನ್ನೂ, ವಿಶೇಷವಾಗಿ ಡಾಕ್ಸಿಸೈಕ್ಲಿನ್ ಕ್ಯಾಪ್ಸೂಲನ್ನು, ಒಣಬಾಯಿಗೆ ನುಂಗಿ ಮಲಗಬಾರದು. ಅದು ಅನ್ನನಾಳದಲ್ಲೇ ಅಂಟಿ ಹುಣ್ಣಾಗಿಸುತ್ತದೆ.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಅಧ್ಯಕ್ಷತೆ ಪಂಚಾಯತಿ ಸದಸ್ಯರದು, ಕಾರ್ಯದರ್ಶಿ ಆಶಾ ಕಾರ್ಯಕರ್ತೆ. ಮುಂದಿನ ಸಭೆಯಲ್ಲಿ ನುಂಗಲು ತೊಂದರೆ, ತೂಕ ಇಳಿಕೆ, ಕಪ್ಪು ಮಲ ಇವುಗಳಲ್ಲಿ ಒಂದಾದರೂ ಇರುವವರನ್ನು ಮನೆಭೇಟಿಯ ವೇಳೆ ಗುರುತಿಸಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸುವ ವಿಷಯವನ್ನು ನಡಾವಳಿಯಲ್ಲಿ ಸೇರಿಸಬಹುದು. ಸಮಿತಿಯ ನಿರ್ಬಂಧರಹಿತ ಅನುದಾನದಲ್ಲಿ ತೀರಾ ಬಡ ಕುಟುಂಬದ ಚಿಕಿತ್ಸೆಯ ಅಗತ್ಯಕ್ಕೆ ನೆರವಾಗಲು ಅವಕಾಶವಿದೆ. ಹುಬ್ಬಳ್ಳಿಗೆ ಹೋಗಿಬರುವ ಬಸ್ಸಿನ ಖರ್ಚಿಲ್ಲದೆ ಪರೀಕ್ಷೆ ಮುಂದೂಡುವವರಿಗೆ ಅದು ಸಲ್ಲಬೇಕು.

ಆಸ್ಪತ್ರೆಗೆ ಹೊರಡುವವರ ಕೈಯಲ್ಲಿ ಪಡಿತರ ಚೀಟಿ, ಆಧಾರ್, ರೆಫರಲ್ ಚೀಟಿ, ಈವರೆಗೆ ನುಂಗಿದ ಮಾತ್ರೆಗಳ ಖಾಲಿ ಪಟ್ಟಿಗಳು, ಹಳೆಯ ಎಂಡೋಸ್ಕೋಪಿ ವರದಿ ಇದ್ದರೆ ಅದು ಇರಲಿ. ಹೊಲಿಗೆಯ ಸಲಹೆ ಬಂದರೆ ಅಲ್ಲಿಯೇ ಕೇಳಬೇಕಾದ ಪ್ರಶ್ನೆಗಳು ಇಷ್ಟು: ಪಿಎಚ್ ಪರೀಕ್ಷೆ ಆಗಿದೆಯೇ, ಹರ್ನಿಯಾ ಎಷ್ಟು ಸೆಂಟಿಮೀಟರ್, ಹುಣ್ಣು ಯಾವ ದರ್ಜೆ, ಇಲ್ಲಿ ಈ ಚಿಕಿತ್ಸೆ ಎಷ್ಟು ಜನರಿಗೆ ಆಗಿದೆ, ಒಂದು ವರ್ಷದ ಮೇಲೆ ಅವರಲ್ಲಿ ಎಷ್ಟು ಜನ ಮಾತ್ರೆ ಬಿಟ್ಟಿದ್ದಾರೆ. ಸಮಾಧಾನವಾಗಿ ಉತ್ತರಿಸುವ ವೈದ್ಯರಿದ್ದರೆ ಮುಂದಿನ ಮಾತು ಆಡಬಹುದು. “ಇಂದೇ ಹಣ ಕಟ್ಟಿ” ಎಂದರೆ, ವರದಿಯ ಪ್ರತಿ ಪಡೆದು ಊರಿಗೆ ಮರಳಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳಿಗೆ ತೋರಿಸಿ ತೀರ್ಮಾನಿಸಲು ಸಮಯವಿದ್ದೇ ಇದೆ. ಎದೆಯುರಿಯ ಹೊಲಿಗೆ ಒಂದು ವಾರ ತಡವಾದರೆ ಯಾವ ಹಾನಿಯೂ ಇಲ್ಲ.